ಹಿಸ್ಸೆ ಪತ್ರದಲ್ಲಿ ಬರೆಯದ ಆಸ್ತಿ



ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಗೊಬ್ಬರದ ವಿಷಯವನ್ನೋ ಕೊಳೆರೋಗದ ವಿಷಯವನ್ನೋ ಬರೆದರಾಯಿತು ಎಂದುಕೊಂಡಿದ್ದೆವು. ಆದರೆ ಅವುಗಳನ್ನು ನಮಗಿಂತ ಚೆನ್ನಾಗಿ ತಿಳಿಸಬಲ್ಲ ತಜ್ಞರು ಬೇಕಾದಷ್ಟಿದ್ದಾರೆ. ಯಾವ ತಜ್ಞರೂ ಬಂದು ಹೇಳಿಕೊಡದ, ನಾವೇ ಪೆಟ್ಟು ತಿಂದು ತಿಳಿದ ಸಂಗತಿಯೊಂದಿದೆ. ತೋಟದ ಕೆಲಸಗಳಲ್ಲಿ ಯಾರಿಗೆ ಯಾವುದು ಸಹಜವಾಗಿ ಒಲಿದಿದೆ ಎಂಬುದನ್ನು ಗುರುತಿಸುವುದು ಹೇಗೆ, ಗುರುತಿಸದೆ ಹೋದರೆ ಆಗುವ ನಷ್ಟವೆಷ್ಟು ಎಂಬುದೇ ಆ ಸಂಗತಿ. ಇದನ್ನು ತಿಳಿಯಲು ನಮಗೆ 20 ವರ್ಷ ಹಿಡಿಯಿತು. ಖರ್ಚೂ ಕಡಿಮೆಯಾಗಲಿಲ್ಲ.

ನಮ್ಮದು ಕೊಪ್ಪದ ಕಡೆಯ ಸಣ್ಣ ಹಿಡುವಳಿ. ಅಪ್ಪಯ್ಯನ ಕಾಲದಲ್ಲಿ ಒಟ್ಟು 3 ಎಕರೆ ಅಡಿಕೆ, 6 ಎಕರೆ ಕಾಫಿ ಇತ್ತು. ನಾವು ಮೂವರು ಅಣ್ಣ ತಮ್ಮಂದಿರು; ನಾವು ನಡುವಿನವರು. 1993ರಲ್ಲಿ ಹಿಸ್ಸೆಯಾಯಿತು. ಹಿಸ್ಸೆ ಎಂದ ಕೂಡಲೇ ದೊಡ್ಡ ಜಗಳವನ್ನು ಊಹಿಸಿಕೊಳ್ಳಬೇಡಿ. ಊರಿನ ನಾಲ್ಕು ಜನ ಹಿರಿಯರು ಕೂತು, ಸರಪಳಿ ಹಿಡಿದು ಅಳೆದು, ಬಾವಿಯ ನೀರಿಗೆ ಸರದಿ ಹಾಕಿ, ಪಾತ್ರೆ ಪಡಗಗಳನ್ನು ಲೆಕ್ಕ ಮಾಡಿ, ಹಿತ್ತಾಳೆಯ ಹಂಡೆ ಯಾರಿಗೆ ಎಂಬಲ್ಲಿಯವರೆಗೆ ಎಲ್ಲವನ್ನೂ ಬರೆದರು. ಒಬ್ಬೊಬ್ಬರಿಗೆ 1 ಎಕರೆ ಅಡಿಕೆ, 2 ಎಕರೆ ಕಾಫಿ. ಯಾರಿಗೂ ಅನ್ಯಾಯವಾಗಲಿಲ್ಲ ಎಂದು ಈಗಲೂ ಹೇಳುತ್ತೇವೆ.

ಆದರೆ ಆ ಪತ್ರದಲ್ಲಿ ಬರೆಯದೆ ಬಿಟ್ಟ ಆಸ್ತಿಯೊಂದಿತ್ತು. ಒಟ್ಟು ಕುಟುಂಬವಿದ್ದಾಗ, ಗಿಡ ಮರ ನೋಡುವುದು ಅಣ್ಣನ ಪಾಲಿಗೆ ಬಂದಿತ್ತು. ಸಸಿ ಮಡಿ ಮಾಡುವುದು, ಮರಗಸಿ ಎಷ್ಟು ತೆಗೆಯಬೇಕು, ಮಳೆಗೆ ಮುಂಚೆ ಔಷಧಿ ಯಾವ ದಿನ ಹೊಡೆಯಬೇಕು, ಕೊನೆ ಹದವಾಯಿತೋ ಇಲ್ಲವೋ, ಎಲ್ಲವೂ ಅವರದೇ ತೀರ್ಮಾನ. ತಮ್ಮ ಪೇಟೆಗೆ ಹೋಗುತ್ತಿದ್ದ; ಮಂಡಿ, ವ್ಯಾಪಾರಿ, ಆಳುಗಳ ಮಾತುಕತೆ ಅವನದು. ನಾವು ಮನೆಯಲ್ಲಿ ಅಡಿಕೆ ಬೇಯಿಸಿಕೊಂಡು, ಒಣಗಿಸಿಕೊಂಡು, ಮಧ್ಯೆ ಲೆಕ್ಕ ಬರೆದುಕೊಂಡು ಇದ್ದೆವು. ಹೀಗೆ ಮಾಡಿ ಎಂದು ಯಾರೂ ಕೂತು ಹಂಚಿರಲಿಲ್ಲ. ನೀರು ತನ್ನ ದಾರಿ ಹುಡುಕಿಕೊಂಡ ಹಾಗೆ ಕೆಲಸಗಳು ತಮ್ಮ ಜನವನ್ನು ಹುಡುಕಿಕೊಂಡಿದ್ದವು. ಹಂಚದೆ ಬಂದದ್ದಾದ್ದರಿಂದ ಅದೊಂದು ಆಸ್ತಿ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಹಿಸ್ಸೆಯಾದ ಮರುದಿನದಿಂದ ಮೂವರೂ ಎಲ್ಲವನ್ನೂ ಮಾಡತೊಡಗಿದೆವು. ಒಂದೇ ಅಂಗಳದ ಸುತ್ತ ಮೂರು ಒಲೆ, ಮೂರು ಹಂಡೆ, ಮೂರು ಔಷಧಿ ಪಂಪು. ಸ್ವಂತ ಯಜಮಾನಿಕೆಯ ಹುರುಪಿನಲ್ಲಿ ಮೊದಲ ಎರಡು ಮೂರು ವರ್ಷ ಏನೂ ತಿಳಿಯಲಿಲ್ಲ.

ಮಾರಾಟದ ಪಾಠ

ಮೊದಲು ಪೆಟ್ಟು ಬಿದ್ದದ್ದು ನಮಗೇ, ಅದೂ ಕಾಫಿಯಲ್ಲಿ. ಹಳಬರಿಗೆ ನೆನಪಿದ್ದೀತು, ಪೂಲ್ ಪದ್ಧತಿಯ ಕಾಲದಲ್ಲಿ ಕಾಫಿ ಮಾರುವ ಜಾಣತನ ಬೆಳೆಗಾರನಿಗೆ ಬೇಕಿರಲಿಲ್ಲ. ಬೆಳೆದು ಒಣಗಿಸಿ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಿದರೆ ಮುಗಿಯಿತು. ಹಣ ಕಂತು ಕಂತಾಗಿ ಬರುತ್ತಿತ್ತು. ತಡವಾಯಿತೆಂದು ಗೊಣಗುತ್ತಿದ್ದೆವೇ ಹೊರತು, ಯಾವ ದಿನ ಮಾರಬೇಕೆಂದು ನಿದ್ದೆಗೆಟ್ಟವರಿಲ್ಲ. 1992ರಿಂದ ಆ ಕಟ್ಟು ಸಡಿಲವಾಗುತ್ತ ಬಂದು, 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ತಾವೇ ಮಾರುವ ಸ್ವಾತಂತ್ರ್ಯ ಬಂತು. ಬಹಳ ಜನಕ್ಕೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಅದುವರೆಗೆ ಬೇಡವಾಗಿದ್ದ ಒಂದು ಸಾಮರ್ಥ್ಯ ರಾತ್ರೋರಾತ್ರಿ ಬೇಕಾಯಿತು. ಅದು ಯಾರಲ್ಲಿತ್ತೋ ಅವರು ಎದ್ದರು.

ನಮ್ಮಲ್ಲಿರಲಿಲ್ಲ. 1997ರಲ್ಲಿ ಅರೇಬಿಕಾ ಬೆಲೆ ಏರಿದಾಗ ಇನ್ನೂ ಏರುವುದೆಂದು ಮೂಟೆಗಳನ್ನು ಅಟ್ಟದ ಮೇಲಿಟ್ಟುಕೊಂಡು ಕೂತೆವು. ಇಳಿಯತೊಡಗಿದ ಮೇಲೆ ಕೊಟ್ಟೆವು. 2001-02ರಲ್ಲಿ ಬೆಲೆ ಪಾತಾಳಕ್ಕೆ ಹೋದಾಗ ಹೆದರಿ, ಕೊಯ್ಲು ಮುಗಿದ ವಾರದಲ್ಲೇ ಮನೆಯ ಬಾಗಿಲಿಗೆ ಬಂದ ಲಾರಿಗೆ ತುಂಬಿಸಿದೆವು. ಅದೇ ವರ್ಷ ನೂರು ಗಜ ದೂರದಲ್ಲಿದ್ದ ತಮ್ಮ ನಮಗಿಂತ ಒಳ್ಳೆಯ ದರ ತಂದಿದ್ದ. ಅವನಿಗೆ ಯಾರೋ ಗುಟ್ಟು ಹೇಳಿದ್ದಾರೆಂದು ನಾವು ಒಳಗೊಳಗೇ ಕುದಿದದ್ದುಂಟು. ಗುಟ್ಟೇನೂ ಇರಲಿಲ್ಲ. ಅವನು ನಾಲ್ಕು ಕಡೆ ವಿಚಾರಿಸುತ್ತಾನೆ, ಹೋದ ವರ್ಷ ಇದೇ ವಾರ ಯಾರು ಎಷ್ಟು ಹೇಳಿದ್ದರೆಂದು ಚೀಟಿ ನೋಡದೆ ಹೇಳುತ್ತಾನೆ, ಮುಖ ಕೆಡಿಸದೆ ‘ಇಲ್ಲ’ ಎನ್ನುತ್ತಾನೆ. ನಾವೋ, ಬಂದವರಿಗೆ ಕಾಫಿ ಕೊಟ್ಟ ಮೇಲೆ ಇಲ್ಲವೆನ್ನಲು ಬಾಯಿ ಬಾರದವರು!

ಇನ್ನು ತಮ್ಮನ ತೋಟ. ಮಾರಲು ಬಲ್ಲವನಿಗೆ ಮಾರಲು ಮಾಲು ಕಡಿಮೆಯಾಗುತ್ತ ಬಂತು. ಕಾಫಿಗೆ ಬಿಳಿ ಕಾಂಡಕೊರಕ, ನಾವೆಲ್ಲ ಬೋರರ್ ಎನ್ನುವ ಹುಳು, ಹೊಕ್ಕಿತು. ಬೋರರ್ ಹಿಡಿದ ಗಿಡವನ್ನು ದುಂಬಿ ಹೊರಗೆ ಹಾರುವ ಮೊದಲೇ ಗುರುತಿಸಿ ಕಿತ್ತು ಸುಡಬೇಕು. ದುಂಬಿ ಹಾರುವುದು ವರ್ಷಕ್ಕೆರಡು ಬಾರಿ, ಮುಂಗಾರಿಗೆ ಮುಂಚೆ ಏಪ್ರಿಲ್-ಮೇ ತಿಂಗಳಲ್ಲಿ, ಆಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಗುರುತೆಂದರೆ ಕಾಂಡದ ಮೇಲೆ ತೊಗಟೆ ಸ್ವಲ್ಪ ಉಬ್ಬಿ ಏಣು ಎದ್ದಿರುತ್ತದೆ, ಎಲೆ ಸ್ವಲ್ಪ ಹಳದಿಗೆ ತಿರುಗಿರುತ್ತದೆ. ಆ ‘ಸ್ವಲ್ಪ’ ತಮ್ಮನ ಕಣ್ಣಿಗೆ ಬೀಳದು. ಗಿಡ ಬಾಡಿ ನಿಂತ ಮೇಲೆ ಅವನಿಗೆ ಗೊತ್ತಾಗುತ್ತಿತ್ತು, ಅಷ್ಟರಲ್ಲಿ ಹುಳು ಪಕ್ಕದ ಹತ್ತು ಗಿಡಕ್ಕೆ ಹೋಗಿರುತ್ತಿತ್ತು.

2013ರ ಮಳೆಗಾಲ

ಮೂವರ ಕಣ್ಣನ್ನೂ ತೆರೆಸಿದ್ದು 2013ರ ಮಳೆ. ಮಲೆನಾಡಿನ ಅಡಿಕೆ ಬೆಳೆಗಾರರು ಆ ವರ್ಷವನ್ನು ಮರೆಯಲಾರರು. ಜೂನಿನಲ್ಲಿ ಹಿಡಿದ ಮಳೆ ಬಿಡುವೇ ಕೊಡಲಿಲ್ಲ. ತೋಟದಲ್ಲಿ ಕಾಲಿಟ್ಟರೆ ಉದುರಿದ ಕಾಯಿಯ ಮೇಲೆ ಜಾರುವಂತಾಯಿತು.

ಕೊಳೆಗೆ ಬೋರ್ಡೋ ದ್ರಾವಣವೇ ಮದ್ದು ಎಂಬುದು ನಮ್ಮ ತಾತಂದಿರ ಕಾಲದಿಂದ ತಿಳಿದ ವಿಷಯ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರಷ್ಟು ಹಿಂದೆಯೇ ಈ ರೋಗದ ಬಗ್ಗೆ ಅಭ್ಯಾಸ ಮಾಡಿ ಪ್ರಕಟಿಸಿದ್ದರು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಸುಣ್ಣದ ತಿಳಿಗೆ ಮೈಲುತುತ್ತದ ನೀರು ಸುರಿಯಬೇಕು, ತಿರುವು ಮುರುವು ಆಗಬಾರದು. ಹರಿತ ಮಾಡಿದ ಕತ್ತಿಯ ಬಾಯನ್ನು ಅದ್ದಿ ನೋಡಿದಾಗ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಇದಿಷ್ಟನ್ನು ಯಾರು ಬೇಕಾದರೂ ಒಂದು ಬೆಳಗ್ಗೆ ಕಲಿತಾರು. ಆದರೆ ಯಾವ ದಿನ ಹೊಡೆಯಬೇಕು? ಮೊದಲ ಔಷಧಿ ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40-45 ದಿನ ಬಿಟ್ಟು ಎಂದು ಪುಸ್ತಕ ಹೇಳುತ್ತದೆ. ಮಳೆ ಪುಸ್ತಕ ಓದಿ ಬರುವುದಿಲ್ಲ.

ಆ ವರ್ಷ ಅಣ್ಣ ಮೇ ತಿಂಗಳು ಮುಗಿಯುವ ಮೊದಲೇ ಔಷಧಿ ಹೊಡೆಸಿ ಮುಗಿಸಿದ್ದರು. ನಾವು ‘ಇಷ್ಟು ಬೇಗವೇ?’ ಎಂದು ನಕ್ಕಿದ್ದೆವು. ನಮ್ಮ ಸರದಿಗೆ ಕೊನೆಗಾರನನ್ನು ಕರೆಯುವಷ್ಟರಲ್ಲಿ ಮಳೆ ಹಿಡಿದಿತ್ತು, ಮರ ಜಾರುತ್ತಿತ್ತು, ಹತ್ತಿಸುವಂತಿರಲಿಲ್ಲ. ಜುಲೈ ಹೊತ್ತಿಗೆ ನಮ್ಮ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೆಲಕ್ಕೆ ಬಿದ್ದಿತ್ತು. ತಮ್ಮನದೂ ಅಷ್ಟೇ. ಬೆಳೆ ಉಳಿಸಿಕೊಂಡವರು ಅಣ್ಣ ಒಬ್ಬರೇ.

ಉಳಿಸಿಕೊಂಡ ಅಡಿಕೆ ಅವರ ಕೈಗೆ ಹತ್ತಿತೇ? ಅದೂ ಇಲ್ಲ. ಆ ವರ್ಷ ಅವರು ಬೇಯಿಸಿದ ಅಡಿಕೆ ಅರ್ಧ ಹಸಿ, ಅರ್ಧ ಅತಿಯಾಗಿ ಬೆಂದು, ಬಣ್ಣ ಕೂರದೆ ಮಾಸಲಾಯಿತು. ರಾಶಿಯಲ್ಲಿ ಹೋಗಬೇಕಾದದ್ದನ್ನು ವ್ಯಾಪಾರಿ ಗೊರಬಲಿನ ಸಾಲಿಗೆ ತಳ್ಳಿದ. ವಾದಿಸಲು ಬಾರದ ಅಣ್ಣ ಸಿಟ್ಟು ಮಾಡಿಕೊಂಡು, ಹೇಳಿದ ದರಕ್ಕೇ ಹಾಕಿ ಬಂದುಬಿಟ್ಟರು. ಒಬ್ಬರಿಗೆ ಬೆಳೆ ಇಲ್ಲ, ಇನ್ನೊಬ್ಬರಿಗೆ ಬೆಲೆ ಇಲ್ಲ. ಆ ವರ್ಷ ನಾವು ಮೂರು ಮನೆಯವರೂ ಸೊಸೈಟಿಯಲ್ಲಿ ಸಾಲ ತಿರುಗಿಸಿ ಬರೆಸಿದೆವು.

ಒಂದು ಸಂಜೆ ಅತ್ತಿಗೆಯವರು ಮೊರದಲ್ಲಿ ಅಡಿಕೆ ಹಾಕಿಕೊಂಡು ನಮ್ಮ ಜಗುಲಿಗೆ ಬಂದರು. ಅವರು ಹಾಗೆ ಬಂದು ಎಷ್ಟೋ ವರ್ಷವಾಗಿತ್ತು. ‘ಇದೊಂದು ಚೂರು ನೋಡಿ ಮಾರಾಯ್ರೆ, ಯಾಕೆ ಹಿಂಗಾಗ್ತದೆ? ನಿಮ್ಮಣ್ಣನ ಹತ್ರ ಕೇಳಿದ್ರೆ ಒಲೆ ಸರಿಯಿಲ್ಲ ಅಂತಾರೆ’ ಎಂದರು.

ನಾವು ಒಂದನ್ನು ಕತ್ತರಿಸಿ ನೋಡಿ, ಮೂಸಿ, ಹಂಡೆಗೆ ಒಂದೇ ಸಲಕ್ಕೆ ಎಳೆಯದು ಬಲಿತದ್ದು ಎರಡನ್ನೂ ಸುರಿದಿದ್ದೀರಿ, ಚೊಗರೂ ತೆಳುವಾಗಿದೆ, ಕುದಿ ಬಂದ ಮೇಲೆ ಬೆಂಕಿ ತಗ್ಗಿಸಿಲ್ಲ ಎಂದೆವು. ಇದರಲ್ಲಿ ಹೇಳುವಂಥದ್ದೇನಿದೆ, ಯಾರಿಗಾದರೂ ಕಾಣುವುದಿಲ್ಲವೇ ಎಂದೂ ಸೇರಿಸಿದೆವು. ಅತ್ತಿಗೆ ನಮ್ಮ ಮುಖವನ್ನೇ ನೋಡಿ, ‘ಕಾಣಾದಾದ್ರೆ ನಾ ಯಾಕೆ ಇಷ್ಟು ದೂರ ಬರ್ತಿದ್ದೆ?’ ಎಂದರು.

ಸಿಟ್ಟು ಬರುವ ಜಾಗ

ಅಂದಿನ ರಾತ್ರಿ ಅತ್ತಿಗೆಯವರ ಆ ಮಾತು ನಮ್ಮನ್ನು ಬಿಡಲಿಲ್ಲ. ಅಡಿಕೆ ಬೇಯಿಸುವುದನ್ನು ನಾವು ಒಂದು ವಿದ್ಯೆ ಎಂದು ಎಂದೂ ಎಣಿಸಿರಲಿಲ್ಲ. ಬಿ.ಎ. ತನಕ ಓದಿದವರಾದ್ದರಿಂದ ನಮ್ಮ ಶಕ್ತಿ ಇರುವುದು ಲೆಕ್ಕಪತ್ರದಲ್ಲಿ ಎಂದು ನಾವೂ ನಂಬಿದ್ದೆವು, ಮನೆಯವರೂ ನಂಬಿದ್ದರು. ಲೆಕ್ಕ ಬರೆಯುವಾಗ ನಮಗೆ ಆಕಳಿಕೆ ಬರುತ್ತಿತ್ತು. ಒಲೆಯ ಮುಂದೆ ರಾತ್ರಿ ಎರಡು ಗಂಟೆಯವರೆಗೆ ಕೂತರೂ ಬರುತ್ತಿರಲಿಲ್ಲ. ಹಂಡೆಯ ಸದ್ದು ಬದಲಾದದ್ದು ಬೆನ್ನು ಮಾಡಿ ಕೂತರೂ ನಮಗೆ ತಿಳಿಯುತ್ತಿತ್ತು. ಎಲ್ಲರಿಗೂ ಹಾಗೆಯೇ ತಿಳಿಯುತ್ತದೆಂದು ಭಾವಿಸಿದ್ದೆವು!

ಬಂಧುಗಳೇ, ಸಹಜವಾಗಿ ಬಂದ ಬಲ ಅದನ್ನು ಪಡೆದವನಿಗೇ ಕಾಣದಿರಲು ಕಾರಣ ಇದೇ ಇರಬೇಕು. ಕಷ್ಟಪಟ್ಟು ಕಲಿತದ್ದನ್ನು ನಾವು ನೆನಪಿಟ್ಟುಕೊಂಡು ಹೇಳಿಕೊಳ್ಳುತ್ತೇವೆ. ಕಷ್ಟವಿಲ್ಲದೆ ಬಂದದ್ದು ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಪತ್ತೆ ಹಚ್ಚಲು ನಮಗೆ ಸಿಕ್ಕಿದ ಉಪಾಯವೊಂದಿದೆ, ಸ್ವಲ್ಪ ವಿಚಿತ್ರವಾಗಿ ಕಂಡೀತು. ಯಾವ ಕೆಲಸದಲ್ಲಿ ನಿಮಗೆ ಇತರರ ಮೇಲೆ ಬೇಗ ಸಿಟ್ಟು ಬರುತ್ತದೆಂದು ನೋಡಿಕೊಳ್ಳಿ. ಅಣ್ಣ ಬೋರರ್ ಹುಡುಕುವ ಆಳುಗಳ ಮೇಲೆ ‘ಇಷ್ಟು ದಪ್ಪಕ್ಕೆ ಉಬ್ಬಿದೆ, ಕಣ್ಣು ಕಾಣಲ್ವನೋ!’ ಎಂದು ಕೂಗಾಡುತ್ತಿದ್ದರು. ಅದು ಉಬ್ಬಿದ್ದು ಅವರೊಬ್ಬರಿಗೇ ಕಾಣುತ್ತಿತ್ತು. ತಮ್ಮ ನಮ್ಮ ಮೇಲೆ ‘ಅವನು ಮೊದಲು ಹೇಳಿದ ದರಕ್ಕೆ ಯಾರಾದ್ರೂ ಕೊಡ್ತಾರಾ?’ ಎಂದು ರೇಗುತ್ತಿದ್ದ. ನಾವು ಅತ್ತಿಗೆಗೆ ‘ಯಾರಿಗಾದರೂ ಕಾಣುವುದಿಲ್ಲವೇ’ ಎಂದೆವು. ಎಲ್ಲಿ ‘ಇಷ್ಟೂ ಗೊತ್ತಾಗುವುದಿಲ್ಲವೇ’ ಎಂಬ ಮಾತು ಬಾಯಿಗೆ ಬರುತ್ತದೋ ಅಲ್ಲಿ ನಮ್ಮ ಸಹಜ ಬಲ ಇರುವ ಸಂಭವ ಹೆಚ್ಚು. (ಮನೆಯಾಕೆಯ ಮೇಲೆ ಬರುವ ಸಿಟ್ಟು ಈ ಲೆಕ್ಕಕ್ಕೆ ಸೇರದು.)

ಇದು ನಮ್ಮ ಮನೆಗೆ ಮಾತ್ರ ಸೇರಿದ ಮಾತಲ್ಲ. ನಾವು ಬೆಳೆಯುವ ಕಾಫಿಯ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆಯಿದೆ. ಎಲೆ ತುಕ್ಕು ರೋಗದಿಂದ ಅರೇಬಿಕಾ ತೋಟಗಳು ಸೊರಗುತ್ತಿದ್ದ ಕಾಲದಲ್ಲಿ, 1911ರಲ್ಲಿ, ದೊಡ್ಡೇನಗುಡ್ಡ ಎಸ್ಟೇಟಿನ ಕೆಂಟ್ ಎಂಬ ಪ್ಲಾಂಟರು ತಮ್ಮ ತೋಟದಲ್ಲಿ ರೋಗಕ್ಕೆ ಜಗ್ಗದೆ ನಿಂತ ಒಂದು ಗಿಡವನ್ನು ಗುರುತಿಸಿ ಅದರ ಬೀಜದಿಂದ ಸಸಿ ಮಾಡಿದರು. ಅದೇ ಕೆಂಟ್ಸ್ ತಳಿ. ಆಮೇಲೆ ರೋಗದ ಹೊಸ ರೂಪಗಳಿಗೆ ಅದೂ ಸೋತಿತೆನ್ನಿ. ಆದರೆ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದವರು ಮುಂದೆ ಅದನ್ನೇ ಎಸ್. 288 ಎಂಬ ತಳಿಯೊಡನೆ ಕೂಡಿಸಿ ಎಸ್. 795 ತಂದರು, 1940ರ ದಶಕದಲ್ಲಿ ಬಂದ ಆ ಗಿಡ ಇಂದಿಗೂ ನಮ್ಮ ಎಷ್ಟೋ ತೋಟಗಳಲ್ಲಿದೆ. ಸಾವಿರ ಗಿಡದ ನಡುವೆ ಒಂದರ ಮುಂದೆ ನಿಲ್ಲುವ ಕಣ್ಣು ಒಬ್ಬರದು, ಕೂಡಿಸಿ ಪರೀಕ್ಷಿಸುವ ತಾಳ್ಮೆ ಬೇರೆಯವರದು. ಎರಡನ್ನೂ ಒಬ್ಬರೇ ಮಾಡಬೇಕೆಂದು ಹೊರಟಿದ್ದರೆ ನಮಗೆ ಆ ಗಿಡ ಸಿಗುತ್ತಿತ್ತೋ ಇಲ್ಲವೋ.

ಘಟ್ಟದ ಕೆಳಗಿನ ಇನ್ನೊಬ್ಬರ ಸಂಗತಿಯನ್ನೂ ಇಲ್ಲಿ ಹೇಳಬೇಕು. ಬಂಟ್ವಾಳ ತಾಲ್ಲೂಕಿನ ಅಮೈ ಮಹಾಲಿಂಗ ನಾಯ್ಕರು ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸದವರಾಗಿದ್ದರು. ಅವರ ದುಡಿಮೆಯನ್ನು ಕಂಡ ಭೂಮಾಲೀಕರೊಬ್ಬರು 1970ರ ದಶಕದ ಕೊನೆಯಲ್ಲಿ ಗುಡ್ಡದ ಇಳಿಜಾರಿನ 2 ಎಕರೆ ಬರಡು ಜಾಗವನ್ನು ಅವರಿಗೆ ಬಿಟ್ಟುಕೊಟ್ಟರು. ನೀರಿಲ್ಲ. ನಾಯ್ಕರು ಹಗಲು ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದರು. ಒಂದಾದ ಮೇಲೊಂದರಂತೆ ಐದು ಸುರಂಗಗಳು ವ್ಯರ್ಥವಾದವು. ಆರನೆಯದರಲ್ಲಿ ನೀರು ಬಂತು, ಅಡಿಕೆ ತೋಟವೆದ್ದಿತು. 2022ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಜನ ಅವರ ತೋಳ್ಬಲದ ಮಾತಾಡುತ್ತಾರೆ. ನಮಗೆ ದೊಡ್ಡದಾಗಿ ಕಾಣುವುದು ಕತ್ತಲೆಯಲ್ಲಿ ಒಬ್ಬರೇ ಕೂತು, ಫಲ ಕಾಣದ ಕೆಲಸವನ್ನು ಮತ್ತೆ ಮೊದಲಿನಿಂದ ಆರಂಭಿಸುವ ಆ ಮನಸ್ಸು. ಯಾವ ಕೂಲಿ ಪಟ್ಟಿಯಲ್ಲಿ ಅದಕ್ಕೊಂದು ಕಲಮು ಇದೆ?

ಮೂರು ತೋಟ, ಒಂದು ಹಂಡೆ

2014ರಿಂದ ನಾವು ಮಾಡಿಕೊಂಡ ಏರ್ಪಾಡನ್ನು ಹೇಳುತ್ತೇವೆ. ಆಸ್ತಿಯನ್ನು ಮತ್ತೆ ಒಟ್ಟುಮಾಡಲಿಲ್ಲ, ಅದು ಆಗುವ ಮಾತೂ ಅಲ್ಲ. ಹಿಂದೆ ನೆಟ್ಟಿ ಕೊಯ್ಲಿಗೆ ಮುಯ್ಯಾಳು ಪದ್ಧತಿ ಇತ್ತಲ್ಲ, ನೀನು ನನ್ನ ಗದ್ದೆಗೆ ಬಾ, ನಾನು ನಿನ್ನದಕ್ಕೆ ಬರುತ್ತೇನೆಂದು. ಅದನ್ನೇ ಸ್ವಲ್ಪ ತಿರುಗಿಸಿದೆವು. ಆಳಿಗೆ ಆಳು ಬದಲಾಗಿ, ಬಲ್ಲ ಕೆಲಸಕ್ಕೆ ಬಲ್ಲ ಕೆಲಸ. ಮೂರು ತೋಟಕ್ಕೂ ಔಷಧಿ, ಮರಗಸಿ, ಬೋರರ್, ಕೊನೆಯ ಹದ ಎಲ್ಲ ಅಣ್ಣನ ತೀರ್ಮಾನ. ಅವರು ನಾಳೆ ಎಂದರೆ ನಾಳೆ. ಬೇಯಿಸಿ ಒಣಗಿಸುವುದು ನಮ್ಮದು. ಮಾರುವುದು ತಮ್ಮನದು. ಒಬ್ಬೊಬ್ಬರ ಅಡಿಕೆಯನ್ನೂ ಹಸಿಯಲ್ಲೇ ಬೇರೆ ತೂಗಿ, ಬೇರೆ ಬೇಯಿಸಿ, ಬೇರೆ ಚೀಲಕ್ಕೆ ಹೆಸರು ಬರೆಯುತ್ತೇವೆ. ಕೆಲಸದ ದಿನಗಳನ್ನು ಪುಸ್ತಕದಲ್ಲಿ ಹಾಕಿ, ಹೆಚ್ಚು ಕಡಿಮೆಯನ್ನು ಯುಗಾದಿಗೆ ಹಣದಲ್ಲಿ ತೀರಿಸುತ್ತೇವೆ. ಹಣ ತೀರಿಸದೆ ‘ಅಣ್ಣ ತಮ್ಮಂದಿರಲ್ಲಿ ಏನಿದೆ’ ಎಂದು ಬಿಟ್ಟಿದ್ದರೆ ಎರಡೇ ವರ್ಷಕ್ಕೆ ಮುರಿಯುತ್ತಿತ್ತೆಂದು ನಮ್ಮ ಅಭಿಪ್ರಾಯ.

ಸುಗಮವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ವರ್ಷ ಅಣ್ಣ ತಮ್ಮನನ್ನು ನಂಬಲಿಲ್ಲ. ತಮ್ಮ ಅಡಿಕೆಯಲ್ಲಿ ಮೂರರಲ್ಲೊಂದು ಪಾಲನ್ನು ಮಾತ್ರ ಅವನ ಕೈಗೆ ಕೊಟ್ಟು, ಉಳಿದದ್ದನ್ನು ಹಳೆಯ ವ್ಯಾಪಾರಿಗೇ ಹಾಕಿದರು. ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಅತ್ತಿಗೆ. ಮರುವರ್ಷ ಪೂರ್ತಿ ಮಾಲು ತಮ್ಮನ ಕೈಗೆ ಬಂತು. ಆ ಮನೆಯಲ್ಲಿ ಏನು ಮಾತಾಯಿತೋ ನಾವು ವಿಚಾರಿಸಲಿಲ್ಲ. ಔಷಧಿಯ ಸರದಿಯಲ್ಲೂ ತಕರಾರು ಬಂತು. ನಮ್ಮ ತೋಟ ತಗ್ಗಿನಲ್ಲಿದೆ, ತೇವ ಹೆಚ್ಚು, ಮೊದಲು ನಮ್ಮದಾಗಬೇಕು ಎಂದು ಅಣ್ಣನೇ ಹೇಳಿದಾಗ ತಮ್ಮ ಮುಖ ಊದಿಸಿಕೊಂಡ. ಅಣ್ಣ ವಿವರಿಸುವವರಲ್ಲ. ಗಿಡದ ಹತ್ತಿರ ಇರುವ ತಾಳ್ಮೆಯಲ್ಲಿ ಕಾಲುಭಾಗ ಮನುಷ್ಯರ ಹತ್ತಿರ ಇದ್ದಿದ್ದರೆ ಎಂದು ನಾವು ಎಷ್ಟೋ ಸಲ ಅಂದುಕೊಂಡಿದ್ದೇವೆ. ಅವರ ಮಾತನ್ನು ತಿರುಗಿಸಿ ಹೇಳುವ ಕೆಲಸವೂ ಈಗ ನಮ್ಮ ಪಾಲಿಗೇ ಬಂದಿದೆ.

ಲೆಕ್ಕದ ಪುಸ್ತಕ ಮೊದಲು ನಮ್ಮಲ್ಲೇ ಇತ್ತು. ಅಣ್ಣನ ಸೊಸೆ ಸಾಗರದ ಕಡೆಯ ಹುಡುಗಿ; ಅಡಿಕೆ ಸುಲಿಯಲು ಹೆಂಗಸರ ಸಾಲಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂರಿಸಿದರೆ ಆಕೆಯದು ಎಲ್ಲರಿಗಿಂತ ನಿಧಾನ. ಸುಲಿಯುವ ಹೆಂಗಸರು ತಮಾಷೆ ಮಾಡುತ್ತಿದ್ದರು. ಒಂದು ರಾತ್ರಿ ಕೂಲಿ ಬಟವಾಡೆ ಮಾಡುವಾಗ ಆಕೆ ಅಲ್ಲಿಂದಲೇ, ‘ಮಾವ, ಅವರದು ನಿನ್ನೆಯ 6 ಕೆ.ಜಿ. ಸೇರಿಸಿಲ್ಲ, ಈಚೆಯವರದ್ದು ಎರಡು ಸಲ ಬರೆದಿದೀರಿ’ ಎಂದಳು. ಪುಸ್ತಕ ನೋಡಿದರೆ ಎರಡೂ ನಿಜ. ಆಕೆ ಎಲ್ಲೂ ಬರೆದಿಟ್ಟಿರಲಿಲ್ಲ. ಹಿಂದಿನ ಪುಟಗಳನ್ನು ತಿರುಗಿಸಿದಾಗ ನಮ್ಮ ಇಂಥ ತಪ್ಪುಗಳು ಇನ್ನೂ ಸಿಕ್ಕಿದವು, ಅವುಗಳ ಸಂಖ್ಯೆಯನ್ನು ಇಲ್ಲಿ ಹೇಳಲು ನಾಚಿಕೆಯಾಗುತ್ತದೆ. ಅಂದಿನಿಂದ ಪುಸ್ತಕ ಅವಳ ಕೈಯಲ್ಲಿದೆ. ‘ಅಣ್ಣನ ಮನೆಯ ಸೊಸೆ, ಅವರ ಕಡೆಗೇ ಬರೆಯೋದಿಲ್ವಾ?’ ಎಂದು ತಮ್ಮ ಮೊದಲು ಗೊಣಗಿದ. ಒಂದು ಯುಗಾದಿ ಕಳೆದ ಮೇಲೆ ಗೊಣಗಲಿಲ್ಲ. ಹೆಂಗಸರ ಬೆರಳು ಸುಲಿಯುವುದಕ್ಕೇ ಎಂದು ನಾವು ತಿಳಿದದ್ದು ಸಹಜಶಕ್ತಿಯನ್ನು ನೋಡಿ ಅಲ್ಲ, ರೂಢಿಯನ್ನು ನೋಡಿ. ಕಾಫಿಯ ರುಚಿ ಪರೀಕ್ಷೆಯೂ ಗಂಡಸರ ಕೆಲಸವೆಂದೇ ಇದ್ದ ಕಾಲದಲ್ಲಿ, 1970ರ ದಶಕದಲ್ಲಿ ಕಾಫಿ ಬೋರ್ಡು ಸೇರಿದ ಸುನಲಿನಿ ಮೆನನ್ ಅವರು ಅದರಲ್ಲಿ ಜಗತ್ತಿಗೇ ಹೆಸರಾದರು. ನಮ್ಮ ನಮ್ಮ ಅಡಿಗೆಮನೆಯಲ್ಲಿ ಎಂಥೆಂಥ ನಾಲಿಗೆಗಳಿವೆಯೋ!

ಆಳುಗಳ ವಿಷಯದಲ್ಲಿ ನಾವು ಮಾಡಿದ ತಪ್ಪು ಇನ್ನೂ ದೊಡ್ಡದು. ನಮ್ಮ ಕೊನೆಗಾರ 30 ವರ್ಷ ಮರ ಹತ್ತಿದವನು. ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುವುದನ್ನು ನೋಡಲು ಮಕ್ಕಳು ಸೇರುತ್ತಿದ್ದರು. ಮಂಡಿ ನೋವು ಬಂದು ಹತ್ತುವುದು ನಿಂತಾಗ, ಪಾಪ, ಇವನ ಕಾಲ ಮುಗಿಯಿತೆಂದು ನಾವು ಒಂದಿಷ್ಟು ಹಣ ಕೊಟ್ಟು ಕಳಿಸಿದೆವು. ಈಚೆಗೆ ನೆಲದಲ್ಲೇ ನಿಂತು ಕೊಯ್ಯುವ ಫೈಬರ್ ದೋಟಿ ಬಂದಿದೆಯಷ್ಟೆ. ಗಟ್ಟಿಮುಟ್ಟಾದ ಇಬ್ಬರು ಹುಡುಗರನ್ನು ಇಟ್ಟುಕೊಂಡೆವು. ಹುಡುಗರು ಹದವಾದ ಕೊನೆ ಬಿಟ್ಟು ಎಳೆಯದನ್ನು ಇಳಿಸುತ್ತಿದ್ದರು. ಇಳಿದ ಕೊನೆ ನೆಲಕ್ಕೆ ಬಡಿದು ಕಾಯಿ ಚೆಲ್ಲುತ್ತಿತ್ತು. ಒಂದು ದಿನ ದಾರಿಯಲ್ಲಿ ಹೋಗುತ್ತಿದ್ದ ಹಳೆಯ ಕೊನೆಗಾರ ಬೇಲಿಯ ಆಚೆಯಿಂದಲೇ, ‘ಅಯ್ಯ, ಆ ಮೂರನೇ ಮರದ್ದು ಇನ್ನು ಹದಿನೈದು ದಿನ ಬಿಡಿ. ಅದರ ಹಿಂದಿಂದು ತೆಗೀರಿ’ ಎಂದ. ಅಣ್ಣ ಕತ್ತೆತ್ತಿ ನೋಡಿ ಹೌದೆಂದರು. ಅವರಿಬ್ಬರಿಗೆ ಮಾತ್ರ ಕಾಣುವ ವಸ್ತು ಅದು. 30 ವರ್ಷ ನಾವು ಅವನ ಕಾಲಿಗೆ ಕೂಲಿ ಕೊಟ್ಟಿದ್ದೆವು. ಕಣ್ಣಿಗೆ ಕೊಟ್ಟಿರಲಿಲ್ಲ. ಈಗ ಅವನು ದೋಟಿಯ ಹುಡುಗರ ಜೊತೆ ನಿಂತು ಯಾವುದು, ಯಾವಾಗ, ಹೇಗೆ ಎಂದು ಹೇಳುತ್ತಾನೆ. ಕೂಲಿ ಹುಡುಗರಷ್ಟೇ, ಹತ್ತು ರೂಪಾಯಿ ಹೆಚ್ಚು. ಆ ಹತ್ತು ರೂಪಾಯಿ ಅವನೇ ಕೇಳಿದ್ದು.

ಹೀಗೆಂದು ಒಲಿದ ಕೆಲಸವನ್ನಷ್ಟೇ ಮಾಡುತ್ತೇನೆ, ಉಳಿದದ್ದು ಬೇಡವೆಂದು ಕೂರಲು ಸಣ್ಣ ಹಿಡುವಳಿಯಲ್ಲಿ ಸಾಧ್ಯವಿಲ್ಲ. ಬೇಸರದ ಕೆಲಸಗಳು ಎಲ್ಲರಿಗೂ ಇವೆ. ನಾವು ಈಗಲೂ ಗೊಬ್ಬರ ಹೊರುತ್ತೇವೆ, ತಮ್ಮ ಈಗಲೂ ತನ್ನ ತೋಟದ ಬೇಲಿ ಕಟ್ಟುತ್ತಾನೆ. ತಪ್ಪಿದರೆ ವರ್ಷದ ಬೆಳೆಯೇ ಹೋಗುವಂಥ ನಾಲ್ಕಾರು ಕೆಲಸಗಳನ್ನಾದರೂ ಬಲ್ಲವರ ಕೈಗೆ ಕೊಡಬೇಕು, ಅವರು ಪಕ್ಕದ ಮನೆಯವರಾಗಿದ್ದರೂ, ಮಾತು ಬಿಟ್ಟವರಾಗಿದ್ದರೂ ಸರಿ. ಒಟ್ಟು ಕುಟುಂಬ ಇಲ್ಲದವರು ಏನು ಮಾಡಬೇಕೆಂದು ಕೇಳುವಿರಿ. ಕೇರಿಯ ನಾಲ್ಕು ಮನೆಯವರು ಕೂತು ಮಾತಾಡಿದರೆ ಯಾರ ಕಣ್ಣು, ಯಾರ ಬಾಯಿ, ಯಾರ ಲೆಕ್ಕ ಎಂಬುದು ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ. ನಮ್ಮ ಬಗ್ಗೆ ನಮಗಿಂತ ನೆರೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಕೇಳುವವರಿಲ್ಲ, ಅಷ್ಟೆ.

ಈಗ ನಮ್ಮ ಮುಂದಿರುವ ಚಿಂತೆ ಬೇರೆ. ಅಣ್ಣನ ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಯಾಗಿದೆ. ಕಾಣುತ್ತದೆ, ಮೊದಲಿನಂತಲ್ಲ ಎನ್ನುತ್ತಾರೆ. ಎಲೆಚುಕ್ಕಿ ರೋಗ ನಮ್ಮ ಸುತ್ತಮುತ್ತಲ ತೋಟಗಳಿಗೆ ಬಂದಿರುವ ಈ ಕಾಲದಲ್ಲಿ ಅವರ ಕಣ್ಣು ಮಂಕಾದರೆ ಮೂರು ತೋಟಕ್ಕೂ ಕಷ್ಟ. ಅದಕ್ಕೆ ಹಳೆಯ ಕೊನೆಗಾರನನ್ನು ಜೊತೆಗೆ ಕರೆದುಕೊಂಡು ವಾರಕ್ಕೊಮ್ಮೆ ಮೂರು ತೋಟವನ್ನೂ ಸುತ್ತುತ್ತಾರೆ.

ಹಂಡೆಯ ಹೊಗೆ ನಮಗೂ ಈಗ ತಡೆಯುವುದಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಒಲಿದ ಕೆಲಸ ಅಲ್ಲಿದೆ, ಕರೆಯುವುದು ನ್ಯಾಯವಲ್ಲ. ಹೋದ ಕೊಯ್ಲಿನಲ್ಲಿ ಸುಲಿಯಲು ಬರುವ ಹೆಂಗಸೊಬ್ಬರ ಮಗ, ಹತ್ತನೇ ತರಗತಿ ಮುಗಿಸಿದ ಹುಡುಗ, ರಾತ್ರಿ ತಾಯಿಗಾಗಿ ಕಾಯುತ್ತ ಒಲೆಯ ಬಳಿ ಕೂರುತ್ತಿದ್ದ. ಚಳಿಗೆ ಕೂತಿದ್ದಾನೆಂದು ನಾವು ತಿಳಿದಿದ್ದೆವು. ಚೊಗರು ಯಾಕೆ ಎರಡು ದಿನ ಇಟ್ಟಾಗ ಬೇರೆ ವಾಸನೆ ಬರುತ್ತದೆಂದು ಒಂದು ರಾತ್ರಿ ಕೇಳಿದ. ಮರುದಿನ ಜಾಲರಿ ಸೌಟನ್ನು ಅವನ ಕೈಗೆ ಕೊಟ್ಟೆವು. ಎರಡು ಹಂಡೆ ಕೆಡಿಸಿದ. ಅದೂ ಅಣ್ಣನ ಅಡಿಕೆಯನ್ನೇ. ಅಣ್ಣ ಏನೆಂದರೆಂದು ಬರೆಯುವಂತಿಲ್ಲ. ಕೊಯ್ಲಿನ ಕೊನೆಯ ವಾರ, ನಾವು ಇತ್ತ ತಿರುಗಿ ತಮ್ಮನ ಜೊತೆ ದರದ ಮಾತಾಡುತ್ತಿದ್ದಾಗ, ಹುಡುಗ ಯಾರೂ ಹೇಳದೆ ಎದ್ದು ಒಲೆಯಿಂದ ಎರಡು ಕೊಳ್ಳಿ ಹಿಂದಕ್ಕೆ ಎಳೆದ. ಹಂಡೆಯ ಸದ್ದು ಬದಲಾಗಿದ್ದುದು ಆಮೇಲೆ ನಮ್ಮ ಕಿವಿಗೆ ಬಿತ್ತು.